ಆರ್‌ಬಿಆರ್‌ಸಿಯಲ್ಲಿ ನನ್ನ ಸ್ಲೈಡ್ ತಪ್ಪು ಅಂತ ಬಂದಿದೆ. ಇನ್ನೊಬ್ಬರ ಕಣ್ಣೇ ಸರಿ ಅಂತ ಹೇಗೆ ಒಪ್ಪಿಕೊಳ್ಳುವುದು?

ಕೆಂಪುಕಡ್ಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. 4 ವರ್ಷದಿಂದ ಕ್ಷಯದ ಕಫ ಪರೀಕ್ಷೆ ಮಾಡುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಗೆ ಕ್ಷಯ ರೋಗಾಣುವಿನ ಡಿಎನ್‌ಎ ಹುಡುಕುವ ಟ್ರೂನಾಟ್ ಮೆಷಿನ್ ಬಂದಿದೆ, ಆದರೂ ನಮ್ಮಲ್ಲಿ ಮೈಕ್ರೋಸ್ಕೋಪ್ ಕೆಲಸ ನಿಂತಿಲ್ಲ. ಬೇರೆ ಕ್ಷೇತ್ರದವರಿಗಾಗಿ ಹೇಳುತ್ತೇನೆ. ತಿಂಗಳಿಗೊಮ್ಮೆ ನಮ್ಮ ಸ್ಲೈಡ್ ಡಬ್ಬಿಯಿಂದ ಕೆಲವನ್ನು ಆರಿಸಿ ಜಿಲ್ಲಾ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಬೇರೆ ಟಿಬಿ ಯುನಿಟ್‌ನ ಲ್ಯಾಬ್ ಸೂಪರ್‌ವೈಸರ್ ಅವನ್ನು ಮತ್ತೆ ನೋಡುತ್ತಾರೆ. ನಾವು ಏನು ಬರೆದಿದ್ದೇವೆ ಅಂತ ಅವರಿಗೆ ತೋರಿಸುವುದಿಲ್ಲ. ಇದಕ್ಕೆ ರ್ಯಾಂಡಮ್ ಬ್ಲೈಂಡೆಡ್ ರೀಚೆಕಿಂಗ್, ಚಿಕ್ಕದಾಗಿ ಆರ್‌ಬಿಆರ್‌ಸಿ, ಅಂತ ಹೆಸರು. ಇಬ್ಬರ ಉತ್ತರ ಬೇರೆಯಾದರೆ ಮೂರನೆಯವರು ನೋಡುತ್ತಾರೆ. ಅವರನ್ನು ಅಂಪೈರ್ ಅಂತಲೇ ಕರೆಯುತ್ತೇವೆ.

ಈ ಸಲ ನನಗೆ ಒಂದು ಎಚ್‌ಎಫ್‌ಎನ್ ಬಂದಿದೆ. ಹೈ ಫಾಲ್ಸ್ ನೆಗೆಟಿವ್. ನಾನು ನೆಗೆಟಿವ್ ಅಂತ ಬರೆದ ಸ್ಲೈಡ್ ಅವರಿಗೆ 1 ಪ್ಲಸ್, ಅಂದರೆ ಪಾಸಿಟಿವ್ ಆಗಿ ಕಂಡಿದೆ. ಅಂಪೈರ್ ಕೂಡ 1 ಪ್ಲಸ್ ಅಂದಿದ್ದಾರೆ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಓದಿದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನಾನು ಪೂರ್ತಿ 100 ಫೀಲ್ಡ್, ಅಂದರೆ ಲೆನ್ಸ್ ಕೆಳಗೆ ಸ್ಲೈಡಿನ 100 ಜಾಗ, ನೋಡುವವನು. ಕೌಂಟರ್ ಒತ್ತಿಕೊಂಡೇ ನೋಡುತ್ತೇನೆ. ಇನ್ನೊಂದು ವಿಷಯ. ಮೊದಲು ನೋಡಿದ ಸೂಪರ್‌ವೈಸರ್ ನನ್ನ ಜೊತೆ ಡಿಪ್ಲೊಮಾ ಓದಿದವರು. ನಮ್ಮಿಬ್ಬರಿಗೆ ಆಗಿಬರುವುದಿಲ್ಲ. ಸ್ಲೈಡ್ ನನ್ನದು ಅಂತ ಗುರುತು ಹಿಡಿದಿರಬಹುದಾ? ಒಬ್ಬ ಟೆಕ್ನಿಷಿಯನ್ ಕೆಲಸ ಚೆನ್ನಾಗಿದೆಯೋ ಇಲ್ಲವೋ ಅಂತ ಇನ್ನೊಬ್ಬ ಟೆಕ್ನಿಷಿಯನ್ ನಿಜವಾಗಿ ಹೇಗೆ ಅಳೆಯುತ್ತಾನೆ? ಅನುಭವ ಇರುವವರು ಹೇಳಿ.

---

ಬಯಲುಸೀಮೆ ಎಲ್‌ಟಿ:

ತಲೆ ಕೆಡಿಸಿಕೊಳ್ಳಬೇಡಿ ಗುರು. ನಮ್ಮ ಜಿಲ್ಲೆಯಲ್ಲಿ ಈ ತಾಪತ್ರಯವೇ ಇಲ್ಲ. ಮೂರು ವರ್ಷದಿಂದ ಎಲ್ಲ ಲ್ಯಾಬಿಗೂ ಸೊನ್ನೆ ತಪ್ಪು! ನಾನು ನಿಮ್ಮದನ್ನು ತಪ್ಪು ಅಂದರೆ ಮುಂದಿನ ತಿಂಗಳು ನೀವು ನನ್ನದನ್ನು ತಪ್ಪು ಅಂತೀರಿ. ಯಾಕೆ ಬೇಕು? ಮಾರ್ಚ್ 24ಕ್ಕೆ, ವಿಶ್ವ ಕ್ಷಯರೋಗ ದಿನ, ಎಲ್ಲರಿಗೂ ಒಂದೊಂದು ಪ್ರಮಾಣಪತ್ರ, ಒಂದು ಹಾರ. ನಿಮ್ಮ ಸೂಪರ್‌ವೈಸರ್‌ಗೆ ಹೊಂದಿಕೊಂಡು ಹೋಗಲು ಬರುವುದಿಲ್ಲ, ಅಷ್ಟೇ.

---

ಹಳೇ ಸ್ಲೈಡ್ ಡಬ್ಬಿ:

ನಾನು ಲ್ಯಾಬ್ ಸೂಪರ್‌ವೈಸರ್ ಆಗಿ 16 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬೇರೆಯವರ ಎಷ್ಟು ಸಾವಿರ ಸ್ಲೈಡ್ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೆಂಪುಕಡ್ಡಿಯವರೇ, ನಿಮಗೆ ಮೊದಲು ಒಂದು ಪ್ರಶ್ನೆ. ಆ ಸ್ಲೈಡ್ ಯಾರದ್ದು? ನಿಮ್ಮ ಹೆಸರು ಕೇಳುತ್ತಿಲ್ಲ. ಅದರ ಮೇಲಿರುವ ಕಫ ಯಾರದ್ದು? ಆ ಮನುಷ್ಯ ಈಗ ಎಲ್ಲಿದ್ದಾರೆ? ನಿಮ್ಮ ಬರಹದಲ್ಲಿ ನೀವಿದ್ದೀರಿ, ನಿಮ್ಮ ಹಳೇ ಸಹಪಾಠಿ ಇದ್ದಾರೆ, ಅಂಪೈರ್ ಇದ್ದಾರೆ. ಅವರೊಬ್ಬರು ಮಾತ್ರ ಇಲ್ಲ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ನಮ್ಮ ಮೀಟಿಂಗ್‌ಗಳಲ್ಲೂ ಹೀಗೇ ಆಗುತ್ತಿತ್ತು. ಇಂದೇ ರಿಜಿಸ್ಟರ್ ತೆಗೆದು ವಿಳಾಸ ನೋಡಿ, ಮೆಡಿಕಲ್ ಆಫೀಸರ್‌ಗೆ ಹೇಳಿ. ಮಿಕ್ಕ ಮಾತು ಆಮೇಲೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ.

ಒಳ್ಳೆಯ ಸೂಪರ್‌ವೈಸರ್ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಡುವ ಮೊದಲೇ ಅರ್ಧ ವಿಷಯ ತಿಳಿದುಕೊಂಡಿರುತ್ತಾನೆ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು. ಸ್ಮಿಯರ್, ಅಂದರೆ ಗಾಜಿನ ಮೇಲೆ ಹರಡಿದ ಕಫ, 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ ಇದೆಯಾ? ನಡುವೆ ಕೂತಿದೆಯಾ, ಅಂಚಿಗೆ ಜಾರಿದೆಯಾ? ನೀಲಿ ಒಂದೇ ಸಮ ಇದೆಯಾ, ಅಲ್ಲಲ್ಲಿ ದಪ್ಪ ಗುಡ್ಡೆ ಕಟ್ಟಿದೆಯಾ? ಬಣ್ಣ ಹಾಕುವ ಮೊದಲು ಒಣಗಿದ ಸ್ಮಿಯರ್ ಕೆಳಗೆ ಪತ್ರಿಕೆ ಹಿಡಿದರೆ ಅಕ್ಷರ ಕಷ್ಟಪಟ್ಟು ಓದುವಷ್ಟು ಕಾಣಬೇಕು. ನಾನು ಹೊಸಬರಿಗೆ ಪ್ರಜಾವಾಣಿ ಹಿಡಿದು ತೋರಿಸುತ್ತಿದ್ದೆ. ತಲೆಬರಹ ಮಾತ್ರ ಕಂಡರೆ ದಪ್ಪ ಆಯಿತು. ವರ್ಗೀಕೃತ ಜಾಹೀರಾತು ಸಲೀಸಾಗಿ ಓದಲಾದರೆ ತೆಳು ಆಯಿತು. ಆಮೇಲೆ ಲೆನ್ಸ್ ಕೆಳಗೆ ಕೀವಿನ ಕಣ ಹುಡುಕಬೇಕು. ಅವು ಇಲ್ಲದೆ ಬರೀ ಬಾಯಿಯ ಚರ್ಮದ ಕೋಶ ಕಂಡರೆ ಅದು ಕಫ ಅಲ್ಲ, ಎಂಜಲು. ಮಾದರಿಯ ಗುಣ, ಬಣ್ಣ, ಶುಚಿ, ದಪ್ಪ, ಗಾತ್ರ, ಸಮತೆ ಅಂತ ಆರು ಕಲಂ ಇರುವುದು ಸುಮ್ನೆ ಅಲ್ಲ. ಫಲಿತಾಂಶ ಸರಿ ಬಂದರೂ ಈ ಆರು ಕೆಟ್ಟಿದ್ದರೆ ಆ ಲ್ಯಾಬ್ ಇವತ್ತು ಅದೃಷ್ಟದಿಂದ ಪಾಸಾಗಿದೆ ಅಂತ ಅರ್ಥ.

ಅವರು ನಿಮ್ಮ ಸ್ಲೈಡ್ ಗುರುತು ಹಿಡಿದಿರಬಹುದಾ ಅಂದಿರಿ. ಖಂಡಿತ ಹಿಡಿದಿರಬಹುದು. ಬ್ಲೈಂಡ್ ಅಂತ ಕರೆಯುತ್ತೇವೆ, ಆದರೆ ನಮ್ಮ ಕಣ್ಣಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಗಾಜಿನ ಮೇಲೆ ಡೈಮಂಡ್ ಪೆನ್ಸಿಲಿನಲ್ಲಿ ಕೊರೆದ ನಂಬರ್ ಇರುತ್ತದಲ್ಲ, ಆ ಕೈಬರಹ ಸಾಕು. ನಮ್ಮಲ್ಲಿ ಒಬ್ಬರು 7ಕ್ಕೆ ನಡುವೆ ಅಡ್ಡಗೆರೆ ಎಳೆಯುತ್ತಿದ್ದರು. ಇನ್ನೊಬ್ಬರು 4 ಬರೆದರೆ ಮಡಿಸಿದ ಕುರ್ಚಿ ಕಂಡಂತೆ. ಎರಡು ವರ್ಷ ಕಳೆದರೆ ಎಲ್ಲರ ಕೈಯೂ ಗೊತ್ತಾಗುತ್ತದೆ.

ಆದರೆ ನೀವು ಭಯ ಪಡುತ್ತಿರುವುದು ತಪ್ಪು ಕಡೆಯಿಂದ. ಹಗೆಯಿಂದ ಹಾಳಾದ ತೀರ್ಪನ್ನು ನಾನು ಕಂಡಿದ್ದು ಕಡಿಮೆ. ಹಗೆ ಸಾಧಿಸುವವನು ಇಲ್ಲದ ರೋಗಾಣುವನ್ನು ಇದೆ ಅಂದರೆ ಅಂಪೈರ್ ಮುಂದೆ ಸಿಕ್ಕಿಬೀಳುತ್ತಾನೆ. ಗೌರವದಿಂದ ಹಾಳಾದದ್ದು ಜಾಸ್ತಿ. ನನ್ನದೇ ಕಥೆ ಹೇಳುತ್ತೇನೆ.

ಆ 7ಕ್ಕೆ ಅಡ್ಡಗೆರೆ ಎಳೆಯುವವರು ನಮ್ಮ ಜಿಲ್ಲೆಯಲ್ಲೇ ಅಚ್ಚುಕಟ್ಟಾದ ಟೆಕ್ನಿಷಿಯನ್. ಅವರ ಸ್ಮಿಯರ್ ಅಂದರೆ ಕಾವಲಿಯ ಮೇಲೆ ಹರಡಿದ ನೀರ್ ದೋಸೆ. ಒಂದು ಸಲ ಅವರ ಸ್ಲೈಡ್ ನನ್ನ ಕೈಗೆ ಬಂತು. ನಂಬರ್ ನೋಡಿದ ಕೂಡಲೇ ಗೊತ್ತಾಯಿತು. 60 ಫೀಲ್ಡ್ ನೋಡಿದೆ, ಏನೂ ಇಲ್ಲ. ಇಷ್ಟು ಸಮನಾಗಿ ಹರಡಿದ ಸ್ಮಿಯರ್, ಇದ್ದಿದ್ದರೆ ಇಷ್ಟರಲ್ಲಿ ಸಿಗುತ್ತಿತ್ತು ಅಂದುಕೊಂಡೆ. ಊಟದ ಹೊತ್ತು ಬೇರೆ. ನೆಗೆಟಿವ್ ಅಂತ ಬರೆದೆ. ಅವರ ರಿಜಿಸ್ಟರಿನಲ್ಲಿ ಏನಿತ್ತು ಗೊತ್ತಾ? ಸ್ಕ್ಯಾಂಟಿ 4. ನೂರು ಫೀಲ್ಡಿನಲ್ಲಿ ನಾಲ್ಕೇ ನಾಲ್ಕು ಕೆಂಪು ಕಡ್ಡಿ, ಅಂದರೆ ಬಣ್ಣ ಹಿಡಿದ ರೋಗಾಣು. ಅಂಪೈರ್ ಹುಡುಕಿದರು, ಮೂರು ಸಿಕ್ಕವು, ಎಲ್ಲ ಸ್ಮಿಯರಿನ ಎಡತುದಿಯಲ್ಲಿ. ಅವತ್ತು ತಪ್ಪಿದ್ದು ಅಳೆಯಲು ಕೂತ ನಾನು.

ಇನ್ನೊಂದು ಇದರ ತಿರುಗಮುರುಗ. ಕುರ್ಚಿಯಂಥ 4 ಬರೆಯುವವರ ಕೆಲಸ ಕೊಳಕು. ಅವರ ಸ್ಲೈಡ್ ಬಂದರೆ ನಾನು ಬೇಟೆನಾಯಿ ಆಗುತ್ತಿದ್ದೆ. ಒಮ್ಮೆ 300 ಫೀಲ್ಡ್ ನೋಡಿ ಒಂದು ಕಡ್ಡಿ ಹಿಡಿದು ಸ್ಕ್ಯಾಂಟಿ ಅಂತ ಬರೆದೆ. ಅವರು ನೆಗೆಟಿವ್ ಅಂದಿದ್ದರು. ಅಂಪೈರ್ 100 ಫೀಲ್ಡ್ ನೋಡಿ ನೆಗೆಟಿವ್ ಅಂದರು. ನಾನು ವಾದಕ್ಕೆ ಇಳಿದೆ. ಆಗ ಅಂಪೈರ್, ಬಹಳ ಮೆತ್ತಗಿನ ಮನುಷ್ಯ, "ಎಲ್ಲರ ಸ್ಲೈಡನ್ನೂ 300 ನೋಡ್ತೀರಾ ಸಾರ್?" ಅಂದರು. ಉತ್ತರ ಇರಲಿಲ್ಲ. ಒಬ್ಬನ ಕೆಲಸವನ್ನು 60ರಲ್ಲಿ, ಇನ್ನೊಬ್ಬನದನ್ನು 300ರಲ್ಲಿ ಅಳೆದರೆ ಅದು ಅಳತೆಯೇ ಅಲ್ಲ. ಆ ದಿನದಿಂದ ನಂಬರ್ ಇರುವ ತುದಿಗೆ ಅಂಟುಪಟ್ಟಿ ಹಚ್ಚಿಸಿಕೊಂಡು, ಬರೀ ಕೋಡ್ ಬರೆಸಿಕೊಂಡು ನೋಡುತ್ತಿದ್ದೆ. ಪಟ್ಟಿ ಹಚ್ಚುವ ಕೆಲಸ ನಮ್ಮ ಗುಮಾಸ್ತರಿಗೆ. ಬೈದುಕೊಂಡೇ ಹಚ್ಚುತ್ತಿದ್ದರು.

ಬಯಲುಸೀಮೆಯವರೇ, ನಿಮ್ಮ ಸೊನ್ನೆ ನೋಡಿ ನನಗೆ ಹಾರ ಹಾಕುವ ಮನಸ್ಸಾಗಲಿಲ್ಲ, ಹೆದರಿಕೆ ಆಯಿತು. ಸ್ಕ್ಯಾಂಟಿ ಸ್ಲೈಡ್ ಇಬ್ಬರು ಪ್ರಾಮಾಣಿಕರ ಕೈಯಲ್ಲೂ ಆಗಾಗ ಬೇರೆ ಬರಲೇಬೇಕು. ನೂರು ಫೀಲ್ಡಿನಲ್ಲಿ ಎರಡೇ ಕಡ್ಡಿ ಇದ್ದರೆ ಒಬ್ಬರು ಹೋದ ದಾರಿಯಲ್ಲಿ ಇನ್ನೊಬ್ಬರು ಹೋಗುವುದಿಲ್ಲ. ಹಾಗಾಗಿಯೇ ಅದಕ್ಕೆ ಲೋ ಫಾಲ್ಸ್ ಅಂತ ಬೇರೆ, ಚಿಕ್ಕ ಹೆಸರು. ಮೂರು ವರ್ಷ ಒಂದೂ ಬರಲಿಲ್ಲ ಅಂದರೆ ಯಾರೋ ಸ್ಲೈಡ್ ನೋಡುತ್ತಿಲ್ಲ, ಇಲ್ಲವೇ ರಿಜಿಸ್ಟರ್ ನೋಡಿಕೊಂಡು ಸ್ಲೈಡ್ ನೋಡುತ್ತಿದ್ದಾರೆ. ಸೊನ್ನೆ ಬಂದ ಲ್ಯಾಬಿಗೇ ನಾನು ಮೊದಲು ಭೇಟಿ ಕೊಡುತ್ತಿದ್ದೆ.

ಕೆಂಪುಕಡ್ಡಿ, ಈಗ ನಿಮ್ಮ ಎಚ್‌ಎಫ್‌ಎನ್. ಒಂದು ದೊಡ್ಡ ತಪ್ಪು ಬಂದರೆ ಹೋಗಿ ಕಾರಣ ಹುಡುಕಿ ಅಂತ ಅರ್ಥ. ಮೀಟಿಂಗ್‌ನಲ್ಲಿ ನಿಲ್ಲಿಸಿ ಓದಿ ಅಂತ ಎಲ್ಲೂ ಬರೆದಿಲ್ಲ. ಕಾರಣ ಹುಡುಕುವುದಕ್ಕೆ ಒಂದು ಸರಳ ಯೋಚನೆ ಇದೆ. 1 ಪ್ಲಸ್ ಅಂದರೆ 100 ಫೀಲ್ಡಿನಲ್ಲಿ 10ರಿಂದ 99 ಕಡ್ಡಿ. ಅವರು ನೋಡಿದ್ದು ನೀವು ಬಣ್ಣ ಹಾಕಿದ ಅದೇ ಸ್ಲೈಡ್. ಮತ್ತೆ ಬಣ್ಣ ಹಾಕದೆ ನೋಡಿದ್ದರೆ, ಅವರಿಗೆ ಕಡ್ಡಿ ಕೆಂಪಾಗಿ ಕಂಡಿದೆ ಅಂದರೆ ನಿಮ್ಮ ಕೆಂಪು ಬಣ್ಣ ಕಾರ್ಬಾಲ್ ಫುಕ್ಸಿನ್ ಸರಿ ಇತ್ತು, ಬಿಸಿ ಸರಿ ಇತ್ತು, 25 ಪರ್ಸೆಂಟ್ ಆ್ಯಸಿಡ್ ಅದನ್ನು ತೊಳೆದು ಹಾಕಲಿಲ್ಲ. ಸ್ಟೇನ್ ಮೇಲೆ ಗೂಬೆ ಕೂರಿಸುವ ಹಾಗಿಲ್ಲ. ಉಳಿಯುವುದು ಮೂರೇ. ನೀವು 100 ಫೀಲ್ಡ್ ನೋಡಿಲ್ಲ. ಅಥವಾ ನಿಮ್ಮ ಲೆನ್ಸ್ ಮಂಜಾಗಿದೆ. ಅಥವಾ ನೀವು ಸರಿಯಾಗಿ ನೋಡಿ, ಬೇರೆ ಸಾಲಿನಲ್ಲಿ ಬರೆದಿದ್ದೀರಿ.

ಮೊದಲನೆಯದು ಇಲ್ಲ ಅಂತ ನೀವೇ ಹೇಳಿದಿರಿ, ನಂಬುತ್ತೇನೆ. ಎರಡನೆಯದಾದರೆ ಒಂದೇ ತಪ್ಪಿಗೆ ನಿಲ್ಲುತ್ತಿರಲಿಲ್ಲ. ಮೂರನೆಯದನ್ನು ನೋಡಿ. ಆ ನಂಬರಿನ ಹಿಂದೆ ಮುಂದೆ ಯಾವ ಸ್ಲೈಡ್ ಇದೆ? ಡಬ್ಬಿ ಇನ್ನೂ ನಾಶ ಮಾಡಿಲ್ಲ ತಾನೇ?

---

ಎಕ್ಸ್‌ರೇ ಕತ್ತಲಕೋಣೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ರೇಡಿಯಾಲಜಿಸ್ಟ್. ನಿಮ್ಮ ಕಡ್ಡಿಯನ್ನಾದರೂ ಎಣಿಸಬಹುದು, ನಮ್ಮದು ನೆರಳಿನ ಜಗಳ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಯೆರುಶಲ್ಮಿ ಮತ್ತು ಜೊತೆಗಾರರು ಕ್ಷಯರೋಗಿಗಳ ಎದೆಯ ಫಿಲಂಗಳನ್ನು ಪರಿಣತರ ಮುಂದೆ ಇಟ್ಟರು. ಒಬ್ಬನೇ ರೋಗಿಯ ಎರಡು ಫಿಲಂ ನೋಡಿ ರೋಗ ಹೆಚ್ಚಿದೆಯಾ ಕಡಿಮೆಯಾಗಿದೆಯಾ ಅಂತ ಹೇಳಬೇಕು. ಇಬ್ಬರು ಪರಿಣತರ ಉತ್ತರ ಸುಮಾರು ಮೂರರಲ್ಲಿ ಒಂದು ಸಲ ಕೂಡಿಬರಲಿಲ್ಲ. ಅದಕ್ಕಿಂತ ಮಜಾ ಏನೆಂದರೆ, ಅದೇ ಫಿಲಂ ಮತ್ತೊಮ್ಮೆ ಕೊಟ್ಟಾಗ ಅದೇ ವೈದ್ಯ ತನ್ನ ಹಳೇ ಉತ್ತರವನ್ನೇ ಸುಮಾರು ಐದರಲ್ಲಿ ಒಂದು ಸಲ ಬದಲಿಸಿದ!

ನಮ್ಮ ವಿಭಾಗದಲ್ಲಿ ಈಗಲೂ ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರಿಗೆಲ್ಲ ಅದೇ ಕಾಣುತ್ತದೆ. ಹಳೇ ಡಬ್ಬಿಯವರ ಗೌರವದ ಮಾತು ಸರಿಯಾಗಿ ನಾಟಿತು.

---

ಕೆಂಪುಕಡ್ಡಿ:

ಸಾರ್, ಡಬ್ಬಿ ಇದೆ. ನಾಳೆ ಬೆಳಿಗ್ಗೆಯೇ ನೋಡುತ್ತೇನೆ.

ಒಂದು ಮಾತು ಕೇಳಲಾ? ನಮ್ಮ ಕೆಲಸ ನೋಡಲು ಡಾಕ್ಟರೇ ಯಾಕೆ ಬರುವುದಿಲ್ಲ? ಟೆಕ್ನಿಷಿಯನ್ ತಪ್ಪನ್ನು ಟೆಕ್ನಿಷಿಯನ್ನೇ ಹುಡುಕುವುದು ಅಂದರೆ ಮನೆ ಜಗಳದ ಹಾಗೆ ಅನಿಸುತ್ತದೆ.

---

ಹಳೇ ಸ್ಲೈಡ್ ಡಬ್ಬಿ:

ಡಾಕ್ಟರಿಗೆ ದಿನಕ್ಕೆ 20 ಸ್ಲೈಡ್ ನೋಡಿದ ಕಣ್ಣು ಇರುವುದಿಲ್ಲ. ಫಿಲ್ಟರ್ ಮಾಡದ ಫುಕ್ಸಿನ್ ಬಿಟ್ಟುಹೋದ ಕೆಂಪು ಹರಳನ್ನು ರೋಗಾಣು ಅಂದುಕೊಂಡು ಒಮ್ಮೆ ಬೇಸ್ತುಬಿದ್ದವನಿಗೇ ಆ ಎರಡರ ವ್ಯತ್ಯಾಸ ಗೊತ್ತು. ಎಣ್ಣೆ ಬಾಟಲಿಯ ಕಡ್ಡಿ ಸ್ಲೈಡಿಗೆ ತಾಗಿದರೆ ಈ ಸ್ಲೈಡಿನ ರೋಗಾಣು ಮುಂದಿನ ಸ್ಲೈಡಿಗೆ ಹೋಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದವನಿಗಿಂತ ಹಾಗೆ ಮಾಡಿ ಸಿಕ್ಕಿಬಿದ್ದವನು ಬೇಗ ಹಿಡಿಯುತ್ತಾನೆ. ನಾನೂ ಮಾಡಿದ್ದೆ.

ಇದರ ಹಿಂದೆ ಒಂದು ಹಳೇ ಸಂಗತಿ ಇದೆ. ನಮಗೆ ತರಬೇತಿ ಆಗಿದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. 1959ರಲ್ಲಿ ಶುರುವಾದ ಸಂಸ್ಥೆ, ಒಳಗೆ ಒಳ್ಳೇ ಮರಗಳಿವೆ. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ನೋಡಿದರೆ ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ. ಜನ ಬಂದಿದ್ದಾರೆ, ನೋಡುವವರು ಇಲ್ಲ. ಮೈಕ್ರೋಸ್ಕೋಪ್ ದೊಡ್ಡಾಸ್ಪತ್ರೆ ಬಿಟ್ಟು ನಿಮ್ಮಂಥವರ ಮೇಜಿಗೆ ಬಂದದ್ದರ ಹಿಂದೆ ಈ ಲೆಕ್ಕಾಚಾರ ಇದೆ. ಅಷ್ಟೊಂದು ಮೇಜುಗಳನ್ನು ಪ್ರೊಫೆಸರ್‌ಗಳು ಹೋಗಿ ನೋಡಲಾಗುತ್ತದಾ? ನಾವು ನಾವೇ ನೋಡಿಕೊಳ್ಳಬೇಕು.

ಇನ್ನು ಮನೆ ಜಗಳದ ಮಾತು. ನಿಮ್ಮ ಸಹಪಾಠಿಯನ್ನು ಅಳೆಯುವವರೂ ಇದ್ದಾರೆ. ರಾಜ್ಯದ ರೆಫರೆನ್ಸ್ ಲ್ಯಾಬಿನವರು ಜಿಲ್ಲೆಗೆ ಬಂದಾಗ ಉತ್ತರ ತಮಗೆ ಮೊದಲೇ ಗೊತ್ತಿರುವ ಪ್ಯಾನೆಲ್ ಸ್ಲೈಡ್ ಕೊಟ್ಟು ಸೂಪರ್‌ವೈಸರ್‌ಗಳನ್ನು ಕೂರಿಸಿ ಪರೀಕ್ಷೆ ಮಾಡುತ್ತಾರೆ. 16 ವರ್ಷ ಆದರೂ ಆ ದಿನ ನನ್ನ ಅಂಗೈ ಬೆವರುತ್ತಿತ್ತು. ಒಮ್ಮೆ 3 ಪ್ಲಸ್ ಅನ್ನು 1 ಪ್ಲಸ್ ಅಂತ ಬರೆದಿದ್ದೆ. ಅದಕ್ಕೆ ಕ್ವಾಂಟಿಫಿಕೇಶನ್ ಎರರ್ ಅಂತಾರೆ, ಚಿಕ್ಕ ತಪ್ಪು. ಬೆಂಗಳೂರಿನಿಂದ ಬಂದಿದ್ದ ಮೇಡಂ ಏನೂ ಬೈಯಲಿಲ್ಲ. ಸ್ಲೈಡ್ ಹಾಗೇ ಮೈಕ್ರೋಸ್ಕೋಪಿನಲ್ಲಿ ಬಿಟ್ಟು "ನೀವೇ ಇನ್ನೊಮ್ಮೆ ನೋಡಿ, ನಾನು ಕಾಫಿ ಕುಡಿದು ಬರ್ತೀನಿ" ಅಂತ ಎದ್ದುಹೋದರು. ಒಬ್ಬನೇ ಕೂತು ಎಣಿಸಿದೆ. ಅವರು ವಾಪಸ್ ಬರುವಷ್ಟರಲ್ಲಿ ನಾನೇ ಹೊಡೆದು ತಿದ್ದಿದ್ದೆ. ಎಷ್ಟೋ ಜನ ನನ್ನ ಕೆಲಸ ನೋಡಿದ್ದಾರೆ. ಅವರ ಹಾಗೆ ನೋಡಿದವರು ಇನ್ನೊಬ್ಬರಿಲ್ಲ.

---

ಬಯಲುಸೀಮೆ ಎಲ್‌ಟಿ:

ನಿನ್ನೆ ಬರೆದದ್ದು ಸ್ವಲ್ಪ ತಮಾಷೆಗೆ, ಸ್ವಲ್ಪ ನಿಜ. ಅಂಟುಪಟ್ಟಿ ಐಡಿಯಾ ನಮ್ಮ ಸೂಪರ್‌ವೈಸರ್‌ಗೆ ಹೇಳಿದೆ. "ನಿನಗ್ಯಾಕೋ ಉಸಾಬರಿ" ಅಂದರು. ಆದರೂ ಹೇಳಿದ್ದೇನೆ ಅಂತ ಇಲ್ಲಿ ದಾಖಲಾಗಿರಲಿ.

---

ಕೆಂಪುಕಡ್ಡಿ:

ಸಾರ್, ನೋಡಿದೆ.

ತಪ್ಪು ಬಂದ ಸ್ಲೈಡ್ 212. ಡಬ್ಬಿಯಲ್ಲಿ ಪಕ್ಕದ್ದು 213. ಅದಕ್ಕೆ ನಾನು ರಿಜಿಸ್ಟರಿನಲ್ಲಿ 1 ಪ್ಲಸ್ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಇವತ್ತು 213 ನೋಡಿದರೆ ಒಂದೂ ಕಡ್ಡಿ ಇಲ್ಲ. ಎರಡು ಸಲ ನೋಡಿದೆ, ಆಮೇಲೆ ನರ್ಸ್ ಕೈಯಲ್ಲಿ ನಂಬರ್ ಮುಚ್ಚಿಸಿ ಮೂರನೇ ಸಲ ನೋಡಿದೆ. ಇಲ್ಲ. ಅವತ್ತಿನ ತಾರೀಖು ನೋಡಿದೆ, ಲಸಿಕೆ ದಿನ. ಕ್ಯಾಂಪಿನ ಗಲಾಟೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಮೊದಲು ಎಲ್ಲ ಸ್ಲೈಡ್ ನೋಡಿ ಚೀಟಿಯಲ್ಲಿ ಗುರುತು ಹಾಕಿಕೊಂಡು ಸಂಜೆ ರಿಜಿಸ್ಟರಿಗೆ ಏರಿಸಿದ್ದೆ. ಕಣ್ಣು ಸರಿ ಇತ್ತು, ಸಾಲು ತಪ್ಪಿತ್ತು.

ಅಂದರೆ ತಪ್ಪು ಒಂದಲ್ಲ, ಎರಡು. ರೀಚೆಕಿಂಗ್‌ಗೆ 212 ಮಾತ್ರ ಹೋಗಿತ್ತು, ಹಾಗಾಗಿ ಒಂದೇ ಕಂಡಿದೆ. 213ರವರು ಎರಡು ತಿಂಗಳಿಂದ ಮಾತ್ರೆ ನುಂಗುತ್ತಿದ್ದಾರೆ. ಅವರ ಇನ್ನೊಂದು ಮಾದರಿ ಟ್ರೂನಾಟ್‌ಗೆ ಹೋಗಿ ರೋಗಾಣು ಪತ್ತೆ ಇಲ್ಲ ಅಂತ ಬಂದಿತ್ತು. ಸ್ಲೈಡ್ ಪಾಸಿಟಿವ್ ಇದೆಯಲ್ಲ, ಮಾದರಿ ಸರಿ ಇರಲಿಲ್ಲವೇನೋ ಅಂತ ಬಿಟ್ಟಿದ್ದರು. ನನ್ನ ಬರಹದ ಮೇಲೆ ಅಷ್ಟು ನಂಬಿಕೆ.

ಮೆಡಿಕಲ್ ಆಫೀಸರ್‌ಗೆ ಎಲ್ಲ ಹೇಳಿದೆ. ಮುಖ ಸಣ್ಣದು ಮಾಡಿಕೊಂಡರು, ಆದರೆ ತಕ್ಷಣ ಫೋನ್ ತೆಗೆದುಕೊಂಡರು. ಎರಡನೇ ತಪ್ಪನ್ನೂ ಬರೆದು ಜಿಲ್ಲೆಗೆ ಕಳಿಸಿದ್ದೇನೆ. ಸಂಜೆ ಸಹಪಾಠಿಗೂ ಫೋನ್ ಮಾಡಿದೆ, ಎಷ್ಟೋ ವರ್ಷದ ಮೇಲೆ. ಸ್ಲೈಡ್ ನನ್ನದು ಅಂತ ಅವರಿಗೆ ಮೊದಲೇ ಗೊತ್ತಾಗಿತ್ತಂತೆ. ಅದಕ್ಕೇ ನಾಲ್ಕು ಸಲ ನೋಡಿದರಂತೆ.

212ರವರು ಅಡಿಕೆ ಕೊಯ್ಲಿಗೆ ಬೇರೆ ಊರಿಗೆ ಹೋಗಿದ್ದಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಅವರ ಅಳಿಯನ ನಂಬರ್ ಇದೆ, ಶನಿವಾರ ಕರೆತರುತ್ತೇನೆ ಅಂದಿದ್ದಾರೆ. 213ರವರ ಮನೆ ಹೊಳೆಯ ಆಚೆ. ನಾಳೆ ಬೆಳಿಗ್ಗೆ ಡಾಕ್ಟರ ಜೊತೆ ನಾನೂ ಹೋಗುತ್ತಿದ್ದೇನೆ. ಏನು ಅಂತ ಮಾತು ಶುರು ಮಾಡಬೇಕೋ ಇನ್ನೂ ತೋಚಿಲ್ಲ.